ಮೊಳೆ ಸಮೇತ

ನಮ್ಮ ಊರಿನಲ್ಲಿ ಗಡಿಯಾರವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ಯುವವರು ಅದು ನೇತಾಡುತ್ತಿದ್ದ ಮೊಳೆಯನ್ನೂ ಕಿತ್ತುಕೊಂಡು ಹೋಗುತ್ತಾರೆ. ಇಲ್ಲದಿದ್ದರೆ ಗಡಿಯಾರ ನಡೆಯುವುದಿಲ್ಲ. ಮೊಳೆಯಾದರೆ ಸುಲಭ. ಎಲ್ಲವೂ ಅಷ್ಟು ಸುಲಭದವಲ್ಲ. ಒಂದು ಮನೆಯ ಮಿಕ್ಸಿ ದೂರದಿಂದಲೇ ಎದುರು ಗೋಡೆಯ ಕ್ಯಾಲೆಂಡರಿಗೆ ಒರಗಿರುತ್ತದೆ. ಇನ್ನೊಂದು ಮನೆಯ ಇಸ್ತ್ರಿಪೆಟ್ಟಿಗೆ ನೆರೆಮನೆಯವರ ಹಿತ್ತಿಲ ಬಾಗಿಲಿಗೆ ಒರಗಿರುತ್ತದೆ. ಆಗ ನೆರೆಯವರಿಗೆ ಹೊಸ ಬಾಗಿಲು ಮಾಡಿಸಿಕೊಟ್ಟು ಹಳೆಯದನ್ನು ಗಾಡಿಗೆ ಹೇರಬೇಕು. ಹೀಗೆ ಒಂದು ವಸ್ತು ಯಾವುದಕ್ಕೆ ಒರಗಿದೆಯೋ ಅದನ್ನು ಊರಿನವರು ಒತ್ತಾಸೆ ಎನ್ನುತ್ತಾರೆ. ಒತ್ತಾಸೆ ಜೊತೆಗೆ ಬಂದರೆ ವಸ್ತು ಹೊಸ ಮನೆಯಲ್ಲಿ ಏನೂ ಆಗಿಲ್ಲವೆಂಬ ಹಾಗೆ ಕೆಲಸ ಮಾಡಿಕೊಂಡಿರುತ್ತದೆ. ಬರದಿದ್ದರೆ ಯಾವ ಮೆಕ್ಯಾನಿಕ್ಕೂ ಅದನ್ನು ಎಬ್ಬಿಸಲಾರ. ಮತ್ತೆ ಹಳೆಯ ಜಾಗಕ್ಕೇ ತಂದಿಟ್ಟರೆ ಮಾತ್ರ ಏಳುತ್ತದೆ. ಅಂಗಡಿಯಿಂದ ಹೊಸದಾಗಿ ಬಂದವಕ್ಕೆ ಈ ತಾಪತ್ರಯವಿಲ್ಲ. ಅವು ಇನ್ನೂ ಯಾವುದಕ್ಕೂ ಒರಗಿರುವುದಿಲ್ಲ.

ನಾನು ಮದುವೆಯಾಗಿ ಈ ಊರಿಗೆ ಬಂದವಳು. ತವರಿನಿಂದ ತಂದ ಟೇಬಲ್ ಫ್ಯಾನು ಇಲ್ಲಿ ತಿರುಗಲಿಲ್ಲ. ಅತ್ತೆ ಅದನ್ನು ಒಮ್ಮೆ ನೋಡಿ, "ನಿಮ್ಮನೇಲಿ ಇದರ ಹತ್ತಿರ ಏನಿರ್ತಿತ್ತೇ?" ಎಂದು ಕೇಳಿದರು. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ವೈರು ಸಡಿಲವಾಗಿರಬೇಕು ಎಂದೆ. ಅತ್ತೆ ವಾದ ಮಾಡಲಿಲ್ಲ. ನನ್ನ ತಂಗಿಗೆ ಫೋನು ಮಾಡಿ, ಅವಳು ಒಂದು ಕಾಲದಲ್ಲಿ ಫ್ಯಾನಿನ ಕುತ್ತಿಗೆಗೆ ಕಟ್ಟಿದ್ದ ಹಸಿರು ರಿಬ್ಬನ್ನನ್ನು ತರಿಸಿದರು. ಫ್ಯಾನು ತಿರುಗಿತು. ವೈರಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಈ ನಿಯಮ ಮನುಷ್ಯರಿಗೂ ಉಂಟೇ ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಕೇಳದಿರುವುದೇ ಮರ್ಯಾದೆ.

ನನ್ನ ಗಂಡ ಸುಧನ್ವ ಇಲ್ಲೇ ಹುಟ್ಟಿದವನು. ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದು ಅವನ ಕೆಲಸ. ಮೊದಲೆಲ್ಲ ಮನೆ ಬದಲಾಯಿಸುವವರು ಒತ್ತಾಸೆ ಗುರುತಿಸಲು ಹಿರಿಯ ಹೆಂಗಸರನ್ನು ಕರೆಸುತ್ತಿದ್ದರು. ಅವರು ಬಹಳ ಸಲ ಸರಿಯಾಗಿಯೇ ಹೇಳುತ್ತಿದ್ದರು. ಕೆಲವು ಸಲ ಹಳೆಯ ಜಗಳ ತೀರಿಸಿಕೊಳ್ಳಲು ನೆರೆಮನೆಯವರ ಒಳ್ಳೆಯ ಮಂಚವನ್ನೇ ತೋರಿಸಿಬಿಡುತ್ತಿದ್ದರು. ಸುಧನ್ವ ಸಾಮಾನು ಸಾಗಿಸುವ ಗಾಡಿ ಶೆಡ್ಡುಗಳಲ್ಲಿ ಕೂತು, ಊರು ಕಂಡ ಮನೆ ಬದಲಾವಣೆಗಳನ್ನೆಲ್ಲ ಕೇಳಿ ಕಲೆಹಾಕಿ, ಒಂದು ಪ್ರೋಗ್ರಾಮ್ ಬರೆದ. ವಸ್ತುವಿನ ಹೆಸರು ಕೊಟ್ಟರೆ ಅದು ಯಾವುದಕ್ಕೆ ಒರಗಿರಬಹುದೆಂದು ಅದು ಹಿಂದಿನವುಗಳ ಜೊತೆ ಹೋಲಿಸಿ ಹೇಳುತ್ತಿತ್ತು. ಹೋಲಿಸುವ ಲೆಕ್ಕವನ್ನು ನಾನು ಹೇಳಿಕೊಟ್ಟಿದ್ದೆ. ಉಳಿದದ್ದೆಲ್ಲ ಅವನದೇ. ಅದಕ್ಕೊಂದು ಹೆಸರನ್ನೂ ಇಟ್ಟಿದ್ದ. ಆದರೆ ಆ ಹೆಸರನ್ನು ಯಾರೂ ಬಳಸಲಿಲ್ಲ. "ಸುಧನ್ವಂದು ಏನ್ ಹೇಳ್ತದೆ ನೋಡು" ಎನ್ನುತ್ತಿದ್ದರು. ಊರಿನ ಎಲ್ಲ ಶೆಡ್ಡುಗಳಲ್ಲೂ 'ಸುಧನ್ವಂದು' ಇತ್ತು. ಪ್ರತಿ ಶೆಡ್ಡಿಗೂ ಅವನೇ ಹೋಗಿ ಹಾಕಿಕೊಟ್ಟು ಬರುತ್ತಿದ್ದ. ಕಾಲು ಗಂಟೆಯ ಕೆಲಸಕ್ಕೆ ಬೆಳಿಗ್ಗೆ ಹೋದವನು ಊಟದ ಹೊತ್ತಿಗೆ ಬರುತ್ತಿದ್ದ.

ಒಂದು ಭಾನುವಾರ ಊಟ ಮಾಡಿ ಮಲಗಿದವನು ಏಳಲಿಲ್ಲ. ಅದರ ಬಗ್ಗೆ ನನಗೆ ಹೆಚ್ಚು ಹೇಳಲು ಬರುವುದಿಲ್ಲ. ನಾನು ಆಫೀಸಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಬಡಿಸಿದ್ದನ್ನು ಉಣ್ಣುತ್ತಿದ್ದೆ. ಸಾರಿಗೆ ಉಪ್ಪು ಬಿದ್ದಿಲ್ಲವೆಂದು ಅತ್ತೆಯೇ ಹೇಳಬೇಕಾಗುತ್ತಿತ್ತು. ಅಳು ಬರಲಿಲ್ಲ. ನೆಂಟರು ಅದನ್ನು ಗಮನಿಸಿದರು. ಮಗನನ್ನು ಕಳೆದುಕೊಂಡ ಅತ್ತೆ ಗಮನಿಸದವರ ಹಾಗಿದ್ದರು. ಅವನ ಬೀರುವನ್ನು ನಾವಿಬ್ಬರೂ ತೆರೆಯಲಿಲ್ಲ.

ಆಷಾಢಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ ದ್ಯಾವಣ್ಣ ಮನೆಗೆ ಬಂದರು. ಪೇಟೆಯ ದೊಡ್ಡ ಗಾಡಿ ಶೆಡ್ಡು ಅವರದು. ಗಟ್ಟಿ ದನಿಯ ಮನುಷ್ಯ. ನಮ್ಮ ಮನೆಯೊಳಗೆ ಮಾತ್ರ ದನಿ ತಗ್ಗಿಸಿ ಮಾತಾಡಲು ನೋಡಿ ಸೋಲುತ್ತಿದ್ದರು.

"ತಂಗ್ಯವ್ವಾ, ನಮ್ ಹಳೇ ಕಂಪ್ಯೂಟ್ರು ಹೊಗೆ ಬಿಟ್ಕಂಡು ಕೂತ್ಬುಡ್ತು. ಹೊಸದ್ ತರ್ಸಿದೀವಿ. ಅದ್ರಾಗೆ ಸುಧನ್ವಂದು ಹೋಗ್ತಾ ಇಲ್ಲ."

"ಏನನ್ನುತ್ತೆ?"

"ಈ ಗಂಟು ನಮ್ ಕಾಲ್ದಲ್ಲ, ನಾನ್ ಬಿಚ್ಚಾಕಿಲ್ಲ ಅಂತದೆ. ಮಿಕ್ಕ ಶೆಡ್ನೋರ್ದೂ ಇವತ್ತೋ ನಾಳೆನೋ ಅನ್ನಂಗೈತೆ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಪ್ರೋಗ್ರಾಮ್ ಬರೆದರೆ ಸಾಲದು, ಬೇರೆಯವರ ಕಂಪ್ಯೂಟರಿನಲ್ಲಿ ಬಿಚ್ಚಿಕೊಳ್ಳುವ ಹಾಗೆ ಅದನ್ನು ಗಂಟು ಕಟ್ಟಬೇಕು. ಅದಕ್ಕೆ ಬೇಕಾದ ಫೈಲುಗಳು, ಅಕ್ಷರಗಳು, ಚಿತ್ರಗಳು ಎಲ್ಲವೂ ಆ ಗಂಟಿನಲ್ಲಿ ಇರಬೇಕು. ಹಾಗೆ ಗಂಟು ಕಟ್ಟಿಕೊಡುವ ಟೂಲುಗಳು ಬೇರೆಯೇ ಇವೆ. ಸುಧನ್ವ ಬಳಸಿದ್ದು ಹಳೆಯ ಟೂಲು. ಅದನ್ನು ಮಾಡಿದವರು ಅದನ್ನು ಬಿಟ್ಟು ಬಹಳ ಕಾಲವಾಗಿತ್ತು. ಹೊಸ ಕಂಪ್ಯೂಟರುಗಳು ಅದು ಕಟ್ಟಿದ ಗಂಟನ್ನು ಒಪ್ಪುತ್ತಿರಲಿಲ್ಲ. ಎಲ್ಲವನ್ನೂ ಹೊಸ ಟೂಲಿನಲ್ಲಿ ಮತ್ತೆ ಕಟ್ಟಬೇಕಿತ್ತು.

"ನನಗೆ ಅದು ಬರುವುದಿಲ್ಲ ದ್ಯಾವಣ್ಣ" ಎಂದೆ.

"ಬರ್ದೇ ಇದ್ರೆ ಬ್ಯಾಡ ಬುಡು." ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸಿದರು. "ಶಮೀಮಕ್ಕಂದೊಂದೇ ಯೋಚ್ನೆ."

ಶಮೀಮಕ್ಕ ರವಿಕೆ ಹೊಲಿಯುವವರು. ಊರಿನ ಅರ್ಧ ಹೆಂಗಸರ ಅಳತೆ ಅವರಿಗೆ ಬಾಯಿಪಾಠ. ಯಾರು ಸಣ್ಣಗಾದರು ಎಂಬುದು ಮನೆಯವರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಅವರ ಅಂಗಡಿಯ ಸಾಲನ್ನು ರಸ್ತೆ ಅಗಲ ಮಾಡಲು ಕೆಡವುವವರಿದ್ದರು. ಆಷಾಢ ಹಿಡಿಯುವುದರೊಳಗೆ ಖಾಲಿ ಮಾಡಬೇಕಿತ್ತು, ಏಕೆಂದರೆ ಆಷಾಢದಲ್ಲಿ ನಮ್ಮೂರಲ್ಲಿ ಒಂದು ಸೌಟೂ ಜಾಗ ಬಿಟ್ಟು ಕದಲುವುದಿಲ್ಲ. ಅವರ ಹೊಲಿಗೆ ಯಂತ್ರ ಅವರ ಕಾಲಿಗೆ ಪಳಗಿದ್ದು. ಬೇರೆ ಯಂತ್ರದಲ್ಲಿ ಕೂತರೆ ರವಿಕೆಯ ಕಂಕುಳಲ್ಲಿ ಸುಕ್ಕು ಬರುತ್ತದೆಂದು ಅವರೇ ಹೇಳುತ್ತಿದ್ದರು. ಒತ್ತಾಸೆ ತಪ್ಪಿ ಯಂತ್ರ ಮಲಗಿತೆಂದರೆ ಹಿಂದಕ್ಕೆ ಒಯ್ದು ಇಡೋಣವೆಂದರೆ ಹಿಂದಿನ ಜಾಗವೇ ಇರುವುದಿಲ್ಲ.

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಸುಧನ್ವನ ಪ್ರೋಗ್ರಾಮ್ ಇನ್ನೂ ಓಡುತ್ತಿತ್ತು. ಅವನು ಹೋದ ಮೇಲೆ ಮೊದಲ ಸಲ ಅದನ್ನು ತೆರೆದು 'ಶಮೀಮಕ್ಕನ ಹೊಲಿಗೆ ಯಂತ್ರ' ಎಂದು ಬರೆದೆ. 'ಅಡುಗೆಮನೆಯ ನೀಲಿ ಡಬ್ಬ' ಎಂದಿತು. ಗಟ್ಟಿಯಾಗಿ ಓದಿದೆ. ನಮ್ಮ ಮನೆಯಲ್ಲಿ ಕೂತದ್ದು ಎಲ್ಲವನ್ನೂ ನಮ್ಮ ಮನೆಯಿಂದಲೇ ನೋಡುತ್ತಿತ್ತು.

"ಬೇಕಾದ್ರೆ ಡಬ್ಬ ಕೊಡ್ತೀನಪ್ಪ, ಹುಣಸೆಹಣ್ಣು ಬೇರೆ ಕಡೆ ಸುರೀತೀನಿ" ಎಂದು ಅತ್ತೆ ಒಳಗಿನಿಂದ ಹೇಳಿದರು.

"ನಿಮ್ಮ ಡಬ್ಬ ಅವ್ರ್ ಅಂಗ್ಡಿಗೆ ಯಾವಾಗ್ ಹೋಗಿತ್ತವ್ವ" ಎಂದು ದ್ಯಾವಣ್ಣ ನಕ್ಕರು. ನಮ್ಮ ಮನೆಯಲ್ಲಿ ಬಹಳ ದಿನದ ಮೇಲೆ ಯಾರೋ ನಕ್ಕಿದ್ದರು. ಅವರು ಹೊರಟಾಗ, ನೋಡುತ್ತೇನೆ ಎಂದೆ. ಮಾಡುತ್ತೇನೆ ಎನ್ನಲಿಲ್ಲ.

ಹಳೆಯ ಟೂಲು ಒಂದು ಥರ ನಮ್ಮ ಊರಿನದೇ ಬುದ್ಧಿಯದು. ಯಾವುದು ಬೇಕೋ ಯಾವುದು ಬೇಡವೋ, ಕಂಡದ್ದನ್ನೆಲ್ಲ ಬಾಚಿ ಗಂಟಿಗೆ ಹಾಕಿಬಿಡುತ್ತಿತ್ತು. ಹೊಸದು ಹಾಗಲ್ಲ. ಏನೇನು ಜೊತೆಗೆ ಬರಬೇಕೆಂದು ನಾವು ಒಂದೊಂದನ್ನೂ ಹೆಸರಿಟ್ಟು ಹೇಳಬೇಕು. ಹೆಸರು ಹೇಳದ್ದು ಬರುವುದಿಲ್ಲ. ಹೇಳಲು, ಮೊದಲು ಅವನ ಫೋಲ್ಡರನ್ನು ತೆರೆದು ನೋಡಬೇಕು.

ಸಂಜೆ ಆಫೀಸಿನಿಂದ ಬಂದು ಕೂರುತ್ತಿದ್ದೆ. ಅವನು ಫೈಲುಗಳಿಗೆ ತಿಂಡಿಯ ಹೆಸರಿಡುತ್ತಿದ್ದನೆಂದು ನನಗೆ ಗೊತ್ತಿರಲಿಲ್ಲ. ಅಕ್ಷರಗಳನ್ನು ತೆರೆಯ ಮೇಲೆ ಜೋಡಿಸುವ ಭಾಗ 'ಪಡ್ಡು'. ಹೋಲಿಸುವ ನನ್ನ ಲೆಕ್ಕ 'ಮಂಡಕ್ಕಿ'. 'ಉಪ್ಪಿಟ್ಟು ಕೊನೆಯದು' ಎಂದೊಂದು, 'ಉಪ್ಪಿಟ್ಟು ನಿಜವಾಗಲೂ ಕೊನೆಯದು' ಎಂದೊಂದು, ಅವೆರಡನ್ನೂ ಬಿಟ್ಟು 'ಉಪ್ಪಿಟ್ಟು ದೇವರಾಣೆ' ಎಂದು ಇನ್ನೊಂದು. ಮೂರನ್ನೂ ಓದಿ ನೋಡಿದರೆ ಬಳಕೆಯಲ್ಲಿದ್ದದ್ದು ಮೊದಲನೆಯದೇ. ಗಾಡಿಯದೊಂದು ಚಿಕ್ಕ ಚಿತ್ರವಿತ್ತು. ಎತ್ತು ನಾಯಿಯ ಹಾಗೆ ಕಾಣುತ್ತಿತ್ತು. ಅವನೇ ಬರೆದದ್ದಿರಬೇಕು. ಯಾವುದು ಪ್ರೋಗ್ರಾಮಿಗೆ ಬೇಕು, ಯಾವುದು ಸುಮ್ಮನೆ ಉಳಿದದ್ದು ಎಂದು ಬೇರೆ ಮಾಡಿದೆ. ಬೇಕಾದ್ದರ ಹೆಸರನ್ನು ಹೊಸ ಟೂಲಿಗೆ ಹೇಳಿದೆ. ದೇವರಾಣೆಯನ್ನು ಬಿಟ್ಟೆ. ನಾಯಿಯಂಥ ಎತ್ತನ್ನು ಸೇರಿಸಿದೆ.

ಅತ್ತೆ ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತ ಕೂರುತ್ತಿದ್ದರು. ಒಂದು ಹೆಸರು ಓದಿದರೆ, "ಪಡ್ಡು ಅವನಿಗೆ ಸೇರ್ತಾನೇ ಇರಲಿಲ್ಲ, ಅದ್ಯಾಕೆ ಆ ಹೆಸರಿಟ್ಟ" ಎನ್ನುವರು. ನಾನು, ಆ ಭಾಗ ಅವನಿಗೆ ಬಹಳ ಕಾಟ ಕೊಟ್ಟಿರಬೇಕು ಎನ್ನುವೆ. ಅಷ್ಟೇ. ಆದರೆ ಅವನ ಬಗ್ಗೆ ನಾವು ಮಾತಾಡಲು ಶುರು ಮಾಡಿದ್ದು ಹಾಗೆ.

ಗಂಟು ಸಿದ್ಧವಾಯಿತು. ನಮ್ಮ ಕಂಪ್ಯೂಟರಿನಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿದೆ. ಓಡಿತು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ದ್ಯಾವಣ್ಣನವರ ಶೆಡ್ಡಿಗೆ ಹೋದೆ. ಹೊಸ ಕಂಪ್ಯೂಟರು ಗಂಟನ್ನು ತಕರಾರಿಲ್ಲದೆ ಬಿಚ್ಚಿತು. ತೆರೆಯ ಮೇಲೆ ಅದರ ಕಿಟಕಿ ತೆರೆಯಿತು. ಒಳಗೆ ಏನೂ ಇರಲಿಲ್ಲ. ಬರೀ ಬಿಳಿ.

ಏನೋ ಬಿಟ್ಟುಹೋಗಿದೆ ಎಂದುಕೊಂಡೆ. ಮನೆಗೆ ಬಂದು ಇನ್ನಷ್ಟು ಹೆಸರು ಸೇರಿಸಿ ಮತ್ತೆ ಕಟ್ಟಿದೆ. ಮನೆಯಲ್ಲಿ ಓಡಿತು, ಶೆಡ್ಡಿನಲ್ಲಿ ಬಿಳಿ. ಬಿಟ್ಟದ್ದನ್ನೆಲ್ಲ, ದೇವರಾಣೆಯನ್ನೂ, ಸೇರಿಸಿದೆ. ಬಿಳಿ. ತಪ್ಪೆಂದಾದರೂ ಹೇಳಿದರೆ ಹುಡುಕಬಹುದು. ಅದು ಏನೂ ಹೇಳುತ್ತಿರಲಿಲ್ಲ.

ವಿಷಯ ಊರಿಗೆ ಹರಡಿತು. ಗಂಟು ಬದಲಾಯಿಸುವುದೂ ಮನೆ ಬದಲಾಯಿಸಿದ ಹಾಗೇ ಅಲ್ಲವೇ ಎಂದು ಎಲ್ಲರಿಗೂ ಅನಿಸಿತು. ಪ್ರೋಗ್ರಾಮಿಗೂ ಒತ್ತಾಸೆ ಬೇಕು. ಶೆಡ್ಡಿಗೆ ಒಬ್ಬೊಬ್ಬರೇ ಬರತೊಡಗಿದರು. ಸುಧನ್ವ ಬಂದಾಗ ಕೂರುತ್ತಿದ್ದ ಮುಕ್ಕಾಲಿಯನ್ನು ಒಬ್ಬರು ತಂದು ಕಂಪ್ಯೂಟರಿನ ಮುಂದಿಟ್ಟರು. ಅವನು ಕುಡಿಯುತ್ತಿದ್ದ ಲೋಟ ಇದೇ ಎಂದು ಹೋಟೆಲಿನವರು ಒಂದು ಲೋಟ ಕಳಿಸಿದರು. ಅದು ಅಲ್ಲವೆಂದು ಇನ್ನೊಬ್ಬರು ಇನ್ನೊಂದು ತಂದರು. ಶಮೀಮಕ್ಕ ಅವನ ಅಂಗಿಗೆ ಹಾಕಿ ಉಳಿದಿದ್ದ ಗುಂಡಿಗಳನ್ನು ತಂದರು. ಮೇಜಿನ ಮೇಲೆ ಜಾಗ ಉಳಿಯಲಿಲ್ಲ. ನಾನು ಓದಿದವಳು, ಇದರಿಂದೆಲ್ಲ ಆಗುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಪ್ರತಿಯೊಂದನ್ನು ಇಟ್ಟಾಗಲೂ ನಾನೇ ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆದು ನೋಡುತ್ತಿದ್ದೆ.

"ಗೋಡೆ ತರಕ್ಕಾಗುತ್ತೇನೋ ಕೇಳು" ಎಂದರು ಅತ್ತೆ ಮನೆಯಲ್ಲಿ. "ಅವನು ಕೂತು ಬರೀತಿದ್ದನಲ್ಲ, ಆ ಗೋಡೆ. ನಾಲ್ಕು ಇಟ್ಟಿಗೆ ತೆಗೆದ್ರೆ ಮನೆ ಏನು ಬಿದ್ದೋಗಲ್ಲ."

ಕೊನೆಗೆ ಎಲ್ಲರೂ ನುಂಗಿಕೊಂಡಿದ್ದ ಮಾತನ್ನು ದ್ಯಾವಣ್ಣ ಆಡಿದರು. ಶೆಡ್ಡಿನಲ್ಲಿ ಅವರು, ನಾನು, ಶಮೀಮಕ್ಕ ಮೂವರೇ ಇದ್ದೆವು. "ತಪ್ಪು ತಿಳೀಬ್ಯಾಡ ತಂಗ್ಯವ್ವ. ಇದು ಲೋಟಕ್ಕೆ ಒರಗಿರಾದಲ್ಲ. ಅವ್ನಿಗೇ ಒರಗಿರಾದು."

ಶಮೀಮಕ್ಕ ಅವರನ್ನು ದುರುಗುಟ್ಟಿ ನೋಡಿದರು.

"ಇರಬಹುದು" ಎಂದೆ. "ಆ ಒತ್ತಾಸೆ ತರಲು ಬರುವುದಿಲ್ಲ."

"ಬಿಡಮ್ಮ" ಎಂದರು ಶಮೀಮಕ್ಕ. "ನನ್ನ ಮಿಷನ್ನಿಗೆ ಏನು ಬರೆದಿದೆಯೋ ಅದಾಗುತ್ತೆ. ಕಣ್ಣಂದಾಜಲ್ಲಿ ಏನಾದ್ರೂ ಜೊತೆಗೆ ಹಾಕ್ಕೊಂಡು ಹೋಗ್ತೀನಿ. ಕತ್ತರಿ, ಟೇಪು, ಆ ಬಲ್ಬು. ಯಾವುದಾದ್ರೂ ಒಂದು ತಗಲುತ್ತೆ."

"ತಗಲದಿದ್ರೆ?" ಎಂದರು ದ್ಯಾವಣ್ಣ.

"ತಗಲದಿದ್ರೆ ನಿನ್ನ ಗಾಡೀಲಿ ಕೂಲಿಗೆ ಬರ್ತೀನಿ. ಮಂಚ ಎತ್ತಕ್ಕೆ ನಿನಗಿಂತ ಶಕ್ತಿ ಇದೆ ನನಗೆ." ಹೇಳಿ ನಕ್ಕರು. ಆದರೆ ಅವರ ಬಲಗಾಲು ನೆಲದ ಮೇಲೆ ತನ್ನಷ್ಟಕ್ಕೆ ಒತ್ತುತ್ತ, ಬಿಡುತ್ತ, ಯಂತ್ರ ತುಳಿಯುತ್ತಿತ್ತು.

ಮಾರನೆಯ ಮಧ್ಯಾಹ್ನ ಕೊನೆಯ ಸಲವೆಂದು ಹೋದೆ. ಅದೇ ಬಿಳಿ. ದ್ಯಾವಣ್ಣ ಆಗತಾನೇ ಗಾಡಿ ಬಿಟ್ಟು ಬಂದವರು ಕೈಲಿದ್ದ ಬೀಗದ ಕೈಗಳ ಗೊಂಚಲನ್ನು ಮೇಜಿನ ಮೇಲೆ ಇಡಲು ನೋಡಿದರು. ಮುಕ್ಕಾಲು ಊರಿನ ಲೋಟ, ಗುಂಡಿ ಅಲ್ಲಿದ್ದವು. ಇದ್ದ ಒಂದೇ ಬಯಲು ಕೀಬೋರ್ಡು. ಅದರ ಮೇಲೆಯೇ ಇಟ್ಟರು.

ಬಿಳಿಯ ಮೇಲೆ 'ಪ' ಎಂದು ಬಂತು. ಅದರ ಹಿಂದೆ ಇನ್ನೊಂದು 'ಪ'. ಒಂದು ಸಾಲು ತುಂಬುವಷ್ಟು.

"ಕೆಡಿಸ್ಬುಟ್ನಾ?" ಎಂದು ದ್ಯಾವಣ್ಣ ಗೊಂಚಲನ್ನು ತೆಗೆಯಲು ಬಂದರು.

"ತೆಗೆಯಬೇಡಿ" ಎಂದೆ.

ಸಾಲು ಬೆಳೆಯುತ್ತಲೇ ಇತ್ತು. ಬಿಳಿಯೆಂದರೆ ಕೆಟ್ಟುಹೋದದ್ದಲ್ಲ. ಅದು ಬರೆಯುವ ಜಾಗ. ಅಷ್ಟು ದಿನವೂ ಯಾರಾದರೂ ಏನಾದರೂ ಬರೆಯಲಿ ಎಂದು ಕಾಯುತ್ತ ಕೂತಿತ್ತು. ಗಂಟಿನಲ್ಲಿ ಏನೂ ಬಿಟ್ಟುಹೋಗಿರಲಿಲ್ಲ.

ಮಂಡಕ್ಕಿ ಎಂಬ ಫೈಲನ್ನು ನೆನಪಿಸಿಕೊಂಡೆ. ಹೋಲಿಸಲು ಅದಕ್ಕೆ ಮೊದಲು ಒಂದು ವಸ್ತುವೂ ಅದರ ಒತ್ತಾಸೆಯೂ ಬೇಕು, ಅದು ಕೂತ ಜಾಗದ್ದೇ. ಆಗಷ್ಟೇ ಅದಕ್ಕೆ ತಾನು ಎಲ್ಲಿದ್ದೇನೆ ಎಂದು ತಿಳಿಯುತ್ತದೆ. ನಮ್ಮ ಮನೆಯ ಕಂಪ್ಯೂಟರಿಗೆ ಅದನ್ನು ಎಂದೋ ಹೇಳಿಯಾಗಿತ್ತು, ಹಳೆಯ ಗಂಟು ತೆಗೆದರೂ ಅದು ಉಳಿದಿತ್ತು. ಶೆಡ್ಡುಗಳಲ್ಲಿ ಆ ಮೊದಲನೆಯದನ್ನು ಸುಧನ್ವನೇ ಬರೆಯುತ್ತಿದ್ದ. ಪಕ್ಕದಲ್ಲೇ ಕೂತು ಬಾಯಲ್ಲಿ ಕೇಳಿ ಬರೆಯುವವನು ಕಿಟಕಿಯ ಮೇಲೆ 'ಇಲ್ಲಿ ಬರೆಯಿರಿ' ಎಂದು ಯಾಕೆ ಹಾಕುತ್ತಾನೆ? ಇಂಥ ತಪ್ಪನ್ನು ಮಾತುಗಾರನೊಬ್ಬನೇ ಮಾಡಬಲ್ಲ. ಕಾಲು ಗಂಟೆಯ ಕೆಲಸಕ್ಕೆ ಅರ್ಧ ದಿನ ಯಾಕೆ ಹಿಡಿಯುತ್ತಿತ್ತೆಂದು ಆಗ ತಿಳಿಯಿತು.

"ಅವನು ಬಂದಾಗ ನಿಮ್ಮನ್ನು ಏನಾದರೂ ಕೇಳುತ್ತಿದ್ದನೇ?" ಎಂದೆ.

"ಕೇಳ್ದೇ ಇದ್ದದ್ದು ಏನೈತೆ" ಎಂದರು ದ್ಯಾವಣ್ಣ. "ನಿಮ್ ಶೆಡ್ಡಾಗೆ ಎಲ್ಲಾರ್ಕಿಂತ ಮೊಂಡು ಸಾಮಾನು ಯಾವ್ದು ದ್ಯಾವಣ್ಣ ಅಂದ. ನಾನೇ ಅಂದೆ. ನಿಮ್ಮುನ್ನ ಬಿಟ್ಟು ಅಂದ."

ಒಳಗೆ ಹಗ್ಗ ಸುತ್ತುತ್ತಿದ್ದ ಆಳುಗಳು ಅದು ಹಾಗಲ್ಲ ಎಂದರು. ಅವನು ಕೇಳಿದ್ದು 'ಇಲ್ಲಿ ಏನು ಹೋದರೆ ನಿಮಗೆ ಬೇಜಾರು' ಎಂದಂತೆ. ಬೇರೆ ಶೆಡ್ಡಿನಿಂದ ಬಂದಿದ್ದವರೊಬ್ಬರು, ತಮ್ಮಲ್ಲಿ 'ಯಾವುದನ್ನು ಯಾರೂ ಗುಡಿಸೋದಿಲ್ಲ' ಎಂದು ಕೇಳಿದ್ದನೆಂದರು. ಎಲ್ಲರೂ ತಮಗೆ ಕೇಳಿದ್ದೇ ನಿಜವೆಂದು ಹಟ ಹಿಡಿದರು. ಅವನು ಒಂದೊಂದು ಕಡೆ ಒಂದೊಂದು ಕೇಳಿರಬೇಕು. ನಾನು ಕೇಳುತ್ತ ಕೂತೆ. ಅವನ ಎಷ್ಟೋ ಮಾತುಗಳು ನನಗೆ ಗೊತ್ತಿರದೆ ಊರಲ್ಲಿ ಉಳಿದಿದ್ದವು.

ಕೊನೆಗೆ ಶೆಡ್ಡಿನ ಚಹಾ ಕೆಟಲ್ಲು ಎಂದು ತೀರ್ಮಾನವಾಯಿತು. ಅದು ಯಾವುದಕ್ಕೆ ಒರಗಿದೆ ಎಂಬುದಕ್ಕೆ ಇನ್ನೊಂದು ಜಗಳ. ಹಿಂದೊಮ್ಮೆ ಮೂಲೆಯ ಮುರುಕು ಬೆಂಚನ್ನು ರಿಪೇರಿಗೆ ಕಳಿಸಿದ್ದಾಗ ಕೆಟಲ್ಲಿನ ನೀರು ಕುದಿಯಲೇ ಇಲ್ಲವೆಂದು ಒಬ್ಬರು ಜ್ಞಾಪಿಸಿದರು. 'ಕೆಟಲ್ಲು' ಎಂದು ಬರೆದೆ. ಕೆಳಗಿನ ಸಾಲಿನಲ್ಲಿ 'ಮುರುಕು ಬೆಂಚು' ಎಂದು ಬರೆದೆ. ಬಿಳಿ ಸರಿಯಿತು. ನಾಯಿಯಂಥ ಎತ್ತು ಗಾಡಿಯ ಸಮೇತ ಮೂಲೆಯಲ್ಲಿ ಬಂದು ನಿಂತಿತು.

ದ್ಯಾವಣ್ಣ ಟವೆಲಿನಿಂದ ಸ್ಕ್ರೀನನ್ನು ಒರೆಸಿದರು. ಅದು ಕೊಳೆಯಾಗೇನೂ ಇರಲಿಲ್ಲ.

ಶಮೀಮಕ್ಕನ ಹೊಲಿಗೆ ಯಂತ್ರದ ಒತ್ತಾಸೆ ಎದುರು ಸಾಲಿನ ಕಟಿಂಗ್ ಶಾಪಿನ ಕನ್ನಡಿ ಎಂದು ಬಂತು. ಶಾಪಿನ ಮಹಾಲಿಂಗುವನ್ನು ಕರೆಸಿದರು. ಅವನ ಅಂಗಡಿಯೂ ಕೆಡವುವ ಪಟ್ಟಿಯಲ್ಲೇ ಇತ್ತು, ಬಸ್ ಸ್ಟ್ಯಾಂಡಿನ ಹತ್ತಿರ ಜಾಗ ನೋಡಿಟ್ಟಿದ್ದ.

"ಕನ್ನಡಿ ಕೊಟ್ಬಿಟ್ಟು ಗಿರಾಕಿ ಮುಂದೆ ತಟ್ಟೆ ಹಿಡ್ಕೊಂಡು ನಿಂತ್ಕೊಳ್ಲಾ?" ಎಂದ.

"ನೀನು ಮಾಡೋ ಕಟಿಂಗು ಕಾಣದೇ ಇದ್ರೆ ಗಿರಾಕಿಗೇ ಒಳ್ಳೇದು" ಎಂದರು ಶಮೀಮಕ್ಕ.

"ನಿಮ್ ಮಿಷನ್ನು ನನ್ ಕನ್ನಡೀಲಿ ದಿನಾ ಮುಖ ನೋಡ್ಕೊಳ್ತಿತ್ತು ಅನ್ನಿ. ನೀವಾದ್ರೂ ಒಂದಿನ ಹೇಳಬಾರದಾ, ಕನ್ನಡಿ ಒರೆಸಿ ಇಡ್ತಿದ್ದೆ."

ಎರಡು ದಿನ ಮುನಿಸಿಕೊಂಡಿದ್ದು, ಬಸ್ ಸ್ಟ್ಯಾಂಡಿನ ಆಸೆ ಬಿಟ್ಟು, ಹೊಸ ಸಾಲಿನಲ್ಲಿ ಶಮೀಮಕ್ಕನ ಎದುರಿಗೇ ಮಳಿಗೆ ಹಿಡಿದ. ಗಾಡಿಯಲ್ಲಿ ಯಂತ್ರವನ್ನೂ ಕನ್ನಡಿಯನ್ನೂ ಒಟ್ಟಿಗೆ ಒಯ್ದರು. ನಾನು ಅಲ್ಲಿದ್ದೆ. ಶಮೀಮಕ್ಕ ಒಂದು ತುಂಡು ಬಟ್ಟೆಯನ್ನು ಸೂಜಿಯ ಕೆಳಗೆ ಇಟ್ಟು, ಕಣ್ಣು ಮುಚ್ಚಿ ತುಳಿದರು. ಯಂತ್ರ ಓಡಿತು. ನಿಲ್ಲಿಸಿದರೆ ಎಲ್ಲಿ ಹೋಗಿಬಿಡುತ್ತದೋ ಎಂಬಂತೆ ಬಟ್ಟೆ ಮುಗಿದ ಮೇಲೂ ತುಳಿಯುತ್ತಲೇ ಇದ್ದರು.

ಉಳಿದದ್ದು ಬೇರೆ ಶೆಡ್ಡುಗಳು. "ಎಲ್ಲಾ ಕಡೀಕೂ ನೀನೇ ಹೋಗ್ ಕೂತ್ಕಂಡು ಮೊದಲ್ನೇದ್ ಬರ್ಕೊಡು" ಎಂದರು ದ್ಯಾವಣ್ಣ. "ಅವ್ನ್ ಮಾಡ್ತಿದ್ದಂಗೆ."

ಮನೆಯಲ್ಲಿ ಅತ್ತೆಯೂ ಅದನ್ನೇ ಹೇಳಿದರು. "ಹೋಗೇ. ನಾಲ್ಕು ಜನದ ಮುಖ ನೋಡಿದ ಹಾಗಾಗುತ್ತೆ."

"ನಾನು ಹೋಗಿ ಕೂತರೆ ಅದು ನನಗೆ ಒರಗುತ್ತದೆ."

"ಒರಗಲಿ. ಏನೀಗ?"

"ನಾನು ಏಳದ ದಿನ ಅದೂ ಏಳುವುದಿಲ್ಲ."

ಅತ್ತೆ ಸೋಸಿಟ್ಟಿದ್ದ ಹುರುಳಿಕಾಯಿಯನ್ನು ಮತ್ತೆ ಸೋಸತೊಡಗಿದರು. ಆ ಮನೆಯಲ್ಲಿ ಆ ವಿಷಯಕ್ಕೆ ಅಷ್ಟು ಹತ್ತಿರ ನಾವು ಹೋದದ್ದು ಅದೇ ಮೊದಲು. ಆಮೇಲೆ, "ಹಾಗಾದ್ರೆ ಆ ಬಿಳೀಲಿ ಏನಾದ್ರೂ ಬರೆದಿಡು" ಎಂದರು.

ಏನು ಬರೆಯುವುದು? ಅವನ ಮಾತು ಹಾಕೋಣವೆಂದರೆ ಅವನದು ಒಂದು ಮಾತಲ್ಲ. ಅವನು ಹೋದ ಮೇಲೆ ನಾನು ಆಫೀಸಿನ ಕಾಗದ ಬಿಟ್ಟರೆ ಒಂದು ವಾಕ್ಯವನ್ನೂ ಬರೆದಿರಲಿಲ್ಲ. 'ದಯವಿಟ್ಟು ಪ್ರಸ್ತುತ ಸ್ಥಳದಲ್ಲಿನ ಯಾವುದಾದರೊಂದು ವಸ್ತುವನ್ನು ನಮೂದಿಸತಕ್ಕದ್ದು' ಎಂದು ಬರೆದು ಓದಿದೆ.

"ಯಾರೇ ಇದು ಮಾತಾಡ್ತಿರೋದು, ತಹಸೀಲ್ದಾರ್ರಾ?" ಎಂದರು ಅತ್ತೆ.

ಅಳಿಸಿದೆ. ಅಲ್ಲಿ ಇರದೆ ಇರುವವಳು ಅಲ್ಲಿ ಕೂತವರಿಗೆ ಏನು ಹೇಳಬಹುದು ಎಂದು ಯೋಚಿಸಿದೆ. ಆಮೇಲೆ ಬರೆದೆ. 'ಇಲ್ಲಿರುವ ಒಂದು ವಸ್ತುವಿನ ಹೆಸರು ಬರೆಯಿರಿ. ಅದು ಯಾವುದಕ್ಕೆ ಒರಗಿದೆ? ಗೊತ್ತಿಲ್ಲದಿದ್ದರೆ ಪಕ್ಕದಲ್ಲಿರುವವರನ್ನು ಕೇಳಿ.'

ಅತ್ತೆ ಎರಡು ಸಲ ಓದಿಸಿದರು. ಹೂಂ ಎಂದರು.

ಮತ್ತೆ ಗಂಟು ಕಟ್ಟಿದೆ. ಹೊಸ ಟೂಲು ಗಂಟಿನ ಮೇಲೆ ಎರಡು ಹೆಸರು ಕೇಳುತ್ತದೆ, ಬರೆದವರದೊಂದು, ನೋಡಿಕೊಳ್ಳುವವರದೊಂದು. ಹಿಂದಿನ ಗಂಟುಗಳಲ್ಲಿ ನಾನು ಎರಡರಲ್ಲೂ ಸುಧನ್ವ ಎಂದೇ ಬಿಟ್ಟಿದ್ದೆ. ಈ ಸಲ ಮೊದಲನೆಯದನ್ನು ಹಾಗೇ ಬಿಟ್ಟು, ಎರಡನೆಯದರಲ್ಲಿ ನನ್ನ ಹೆಸರನ್ನು, ವಾರಿಜಾ ಎಂದು, ಬರೆದೆ. ಬರೆದ ಮೇಲೆ ಕಣ್ಣು ಉರಿಯಿತು. ಅತ್ತೆ ಎದ್ದು ಒಳಗೆ ಹೋಗಿ, ಕುಕ್ಕರು ಕೂಗದಿದ್ದರೂ ಕುಕ್ಕರು ನೋಡಿದರು. ನಾನು ಕೂತಲ್ಲೇ ಕೂತು ಬಹಳ ಹೊತ್ತು ಅಳುತ್ತಿದ್ದೆ. ಒಳಗಿನಿಂದ ಪಾತ್ರೆಯ ಸದ್ದು ಬೇಕೆಂದೇ ಜೋರಾಗಿ ಬರುತ್ತಿತ್ತು.

ದ್ಯಾವಣ್ಣನವರ ಗಾಡಿಯವರು ಪೆನ್‌ಡ್ರೈವುಗಳನ್ನು ಎಲ್ಲ ಶೆಡ್ಡಿಗೂ ಮುಟ್ಟಿಸಿದರು. ಮರುದಿನ ಬೆಳಿಗ್ಗೆ ಕೆರೆ ಏರಿಯ ಶೆಡ್ಡಿನಿಂದ ಫೋನು ಬಂತು. ನಾನು ಒಮ್ಮೆಯೂ ಹೋಗಿರದ ಶೆಡ್ಡು ಅದು. ಮಾತಾಡಿದ ಹೆಂಗಸು ತಮ್ಮ ಹೆಸರು ಪುಟ್ಟಚೆನ್ನಮ್ಮ, ಶೆಡ್ಡು ನೋಡಿಕೊಳ್ಳುವವರು ತಾವೇ ಎಂದರು.

"ಸುಧನ್ವಂದು ಓಡ್ತಾ ಇದೆ ಮೇಡಂ. ನೀವು ಬರೋದೇನೂ ಬೇಕಾಗಿಲ್ಲ, ಅದಕ್ಕೇ ಹೇಳೋಣ ಅಂತ ಮಾಡ್ದೆ."

ಅವರ ಹಿಂದೆ ಗದ್ದಲ ಕೇಳುತ್ತಿತ್ತು. ಏನದು ಎಂದೆ.

"ಏನಿಲ್ಲ, ಮೊದಲನೇ ಸಾಮಾನು ತಕ್ಕಡಿ ಅಂತ ಬರೆದ್ವು. ಒತ್ತಾಸೆ ನಮ್ಮೆಜಮಾನ್ರ ಛತ್ರಿ ಅಂತ ನಾನು ಬರೆದ್ಬಿಟ್ಟೆ. ಇಲ್ಲಿನ ಆಳುಗಳು ಅಲ್ಲ ಅಂತಾರೆ. ಪಕ್ಕದೋರ್ನ ಕೇಳಿ ಅಂತ ನೀವೇ ಬರೆದಿದೀರಲ್ಲ, ಅದಕ್ಕೆ ಪಕ್ಕದ ಸೈಕಲ್ ಅಂಗಡಿಯೋರ್ನ ಕರೆದ್ವು. ಅವ್ರು ಅವರ ಪಕ್ಕದೋರ್ನ ಕರೆದ್ರು. ಈಗ ಶೆಡ್ಡಲ್ಲಿ ನಿಂತ್ಕೊಳಕ್ಕೆ ಜಾಗ ಇಲ್ಲ. ಅದು ಓಡ್ತಾ ಇದೆ, ನಮ್ದೇ ಇನ್ನೂ ತೀರ್ಮಾನ ಆಗಿಲ್ಲ."

ಫೋನಿಟ್ಟೆ. ಆಫೀಸಿಗೆ ಇನ್ನೂ ಹೊತ್ತಿತ್ತು. ಕೆರೆ ಏರಿಯ ಶೆಡ್ಡಿನಲ್ಲಿ ನನ್ನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅತ್ತೆಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಹೊರಟೆ.